ಲಂಡನ್ನಿನ ಮೆರವಣಿಗೆ, ಪೊಲೀಸರ ಷರತ್ತು, ಪತ್ರಿಕೆಯ ತಲೆಬರಹ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗಾಜಾ ಯುದ್ಧದ ವಿಚಾರವಾಗಿ 2023ರ ಅಕ್ಟೋಬರ್‌ನಿಂದ ಲಂಡನ್ನಿನಲ್ಲಿ ಮೇಲಿಂದ ಮೇಲೆ ಮೆರವಣಿಗೆಗಳಾಗಿವೆ. ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದವರೂ ಅಲ್ಲೇ ದುಡಿಯುತ್ತಿರುವವರೂ ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಹೇಳಿರುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು. ಸ್ಕಾಟ್‌ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನ ಕಟ್ಟಲೆ ಬೇರೆ.

ಪ್ರಶ್ನೆ: 2023ರ ನವೆಂಬರ್ 11, ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ. ಅಂದೇ ಪ್ಯಾಲೆಸ್ಟೀನ್ ಪರ ಮೆರವಣಿಗೆಗೆ ಪೊಲೀಸರು ಅನುಮತಿ ಕೊಟ್ಟಿದ್ದೇಕೆ? ಗೃಹ ಸಚಿವೆಯೇ ವಿರೋಧಿಸಿದ್ದರಲ್ಲ?

ಉತ್ತರ: ಅನುಮತಿ ಕೊಡಲಿಲ್ಲ, ಏಕೆಂದರೆ ಅಲ್ಲಿ ಅನುಮತಿ ಕೇಳುವ ಪದ್ಧತಿಯೇ ಇಲ್ಲ. 1986ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಂಘಟಕರು ದಿನಾಂಕ, ಹೊತ್ತು, ದಾರಿ, ತಮ್ಮ ಹೆಸರು, ವಿಳಾಸ ಬರೆದು ಆರು ದಿನ ಮುಂಚಿತವಾಗಿ ಪೊಲೀಸರಿಗೆ ತಿಳಿಸಬೇಕು, ಅಷ್ಟೆ. ಒಂದೇ ಕಡೆ ನಿಂತು ನಡೆಸುವ ಸಭೆಗೆ ಅದೂ ಬೇಡ. ದೊಡ್ಡ ಗಲಭೆ, ಆಸ್ತಿಗೆ ಹಾನಿ, ಜನಜೀವನಕ್ಕೆ ಗಂಭೀರ ಅಡ್ಡಿ ಅಥವಾ ಬೆದರಿಕೆಯ ಸಾಧ್ಯತೆ ಇದೆ ಎಂದು ಸಕಾರಣವಾಗಿ ಅನ್ನಿಸಿದರೆ 12ನೇ ಸೆಕ್ಷನ್ ಅಡಿ ಪೊಲೀಸರು ಷರತ್ತು ಹಾಕಬಹುದು. 2022ರ ತಿದ್ದುಪಡಿಯಿಂದ ಗದ್ದಲವೂ ಒಂದು ಕಾರಣವಾಗಿ ಸೇರಿದೆ. ನಿಷೇಧಿಸಲು 13ನೇ ಸೆಕ್ಷನ್ ಬೇಕು. ಷರತ್ತು ಹಾಕಿದರೂ ದೊಡ್ಡ ಗಲಭೆ ತಡೆಯಲಾಗದು ಎಂಬ ಪರಿಸ್ಥಿತಿ ಇದ್ದರೆ ಮಾತ್ರ ಅದು ಅನ್ವಯ. ಲಂಡನ್ನಿನಲ್ಲಾದರೆ ಪೊಲೀಸ್ ಕಮಿಷನರ್ ಕೇಳಬೇಕು, ಗೃಹ ಸಚಿವರು ಒಪ್ಪಬೇಕು. ಕಮಿಷನರ್ ಕೇಳದೆ ಸಚಿವರು ತಾವಾಗಿ ನಿಷೇಧಿಸುವಂತಿಲ್ಲ.

ಅಂದು ಆದದ್ದೂ ಇದೇ. ಕಮಿಷನರ್ ಮಾರ್ಕ್ ರೌಲಿ ಕಾನೂನು ಕೇಳುವ ಮಟ್ಟದ ಆಧಾರ ಇಲ್ಲವೆಂದರು. ಗೃಹ ಸಚಿವೆ ಸುಯೆಲ್ಲಾ ಬ್ರಾವರ್ಮನ್ ನವೆಂಬರ್ 8ರಂದು 'ದಿ ಟೈಮ್ಸ್'ನಲ್ಲಿ ಲೇಖನ ಬರೆದು ಪೊಲೀಸರು ಪಕ್ಷಪಾತ ಮಾಡುತ್ತಿದ್ದಾರೆಂದು ದೂರಿದರು. 13ರಂದು ಅವರ ಸ್ಥಾನವೇ ಹೋಯಿತು. ಮೆರವಣಿಗೆ ಹೈಡ್ ಪಾರ್ಕಿನ ಕಡೆಯಿಂದ ವಾಕ್ಸ್‌ಹಾಲ್ ಬಳಿಯ ಅಮೆರಿಕದ ರಾಯಭಾರ ಕಚೇರಿಗೆ ಹೊರಟಿದ್ದು ಮಧ್ಯಾಹ್ನ, ಯುದ್ಧದಲ್ಲಿ ಮಡಿದವರ ಸ್ಮಾರಕವಿರುವ ವೈಟ್‌ಹಾಲ್ ರಸ್ತೆ ಆ ದಾರಿಯಲ್ಲಿರಲಿಲ್ಲ. ಬೆಳಿಗ್ಗೆ ಸ್ಮಾರಕದ ಬಳಿ ಪೊಲೀಸರ ಸಾಲನ್ನು ತಳ್ಳಿ ನುಗ್ಗಿದವರು ಸ್ಮಾರಕ ಕಾಯುತ್ತೇವೆಂದು ಬಂದಿದ್ದ ಬಲಪಂಥೀಯ ಗುಂಪಿನವರು. ಅಂದಿನ 120ಕ್ಕೂ ಹೆಚ್ಚು ಬಂಧನಗಳಲ್ಲಿ ಬಹುಪಾಲು ಅವರದೇ. 'ಪ್ಯಾಲೆಸ್ಟೀನ್ ಮೆರವಣಿಗೆ ದಿನ 120 ಬಂಧನ' ಎಂದು ಬರೆದರೆ ಅಕ್ಷರಶಃ ಸುಳ್ಳಲ್ಲ. ಓದುಗ ದಾರಿ ತಪ್ಪುವುದಂತೂ ಖಚಿತ.

ಪ್ರಶ್ನೆ: ಮಗಳು ಅಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಸುಮ್ಮನೆ ನಡೆದು ಬಂದರೂ ಕೇಸು ಬೀಳುತ್ತದೆಯೇ?

ಉತ್ತರ: ಶಾಂತವಾಗಿ ನಡೆದು ಬಂದರೆ ಇಲ್ಲ. ವೀಸಾ ಷರತ್ತಿಗೂ ಅದು ವಿರುದ್ಧವಲ್ಲ. ತೊಂದರೆ ಶುರುವಾಗುವುದು ಹೆಚ್ಚಾಗಿ ಅಂಚಿನಲ್ಲಿ: ಗೊತ್ತುಮಾಡಿದ ಹೊತ್ತು ಮುಗಿದ ಮೇಲೆ, ಅಥವಾ ಗೊತ್ತುಮಾಡಿದ ಗೆರೆಯ ಆಚೆ. ಪೊಲೀಸರು ಷರತ್ತುಗಳನ್ನು ಸಾಮಾನ್ಯವಾಗಿ ಮುಂಚಿತವಾಗಿಯೇ ನಕ್ಷೆ ಸಮೇತ ಪ್ರಕಟಿಸುತ್ತಾರೆ. ಅದರಲ್ಲಿ ದಾರಿ, ಸಭೆಯ ಜಾಗದ ಗಡಿ, ಚದುರಬೇಕಾದ ಸಮಯ ಈ ಮೂರನ್ನು ನೋಡಿಕೊಂಡು ನಕ್ಷೆಯ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಳ್ಳಲಿ. ಜನಸಂದಣಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. 'ನನಗೆ ಗೊತ್ತಿರಲಿಲ್ಲ' ಎಂಬ ಮಾತು 2022ರ ನಂತರ ಅಷ್ಟಾಗಿ ನಡೆಯದು, ಗೊತ್ತಿರಬೇಕಿತ್ತು ಎಂದು ತೋರಿಸಿದರೆ ಸಾಕು. ಭಾಗವಹಿಸಿದವರಿಗೆ ದಂಡ 2,500 ಪೌಂಡ್‌ವರೆಗೆ. ಸಂಘಟಕರಿಗೆ ಜೈಲೂ ಆಗಬಹುದು.

2025ರ ಜನವರಿ 18ರ ಉದಾಹರಣೆ ನೋಡಿ. ಬಿಬಿಸಿ ಪಕ್ಷಪಾತ ಮಾಡುತ್ತಿದೆ ಎಂದು ಅದರ ಕಚೇರಿ ಮುಂದಿನಿಂದಲೇ ಹೊರಡುವ ಯೋಜನೆಯಿತ್ತು. ಹತ್ತಿರದಲ್ಲೇ ಯಹೂದಿ ಪ್ರಾರ್ಥನಾ ಮಂದಿರವಿದೆ, ಅಂದು ಶನಿವಾರ, ಅವರ ಸಬ್ಬತ್ ದಿನ ಎಂಬ ಕಾರಣಕ್ಕೆ ಪೊಲೀಸರು ಆ ಜಾಗ ಬೇಡವೆಂದರು. ಸಭೆ ವೈಟ್‌ಹಾಲ್‌ಗೆ ಸೀಮಿತವಾಯಿತು. ಅಲ್ಲಿಂದ ಒಂದು ಗುಂಪು ಟ್ರಾಫಲ್ಗರ್ ಚೌಕಕ್ಕೆ ಬಂತು; ಸಾಲು ಮುರಿದು ಬಂದರು ಎಂದರು ಪೊಲೀಸರು, ಅವರೇ ದಾರಿ ಬಿಟ್ಟರು ಎಂದರು ಸಂಘಟಕರು. 70ಕ್ಕೂ ಹೆಚ್ಚು ಜನರ ಬಂಧನವಾಯಿತು. ಮುಂದಿನ ಸಾಲಿನವರನ್ನು ಪೊಲೀಸರು ಬಿಟ್ಟರು ಅಂದಮಾತ್ರಕ್ಕೆ ಷರತ್ತು ಸಡಿಲವಾಯಿತು ಎಂದು ಹಿಂದಿನ ಸಾಲಿನವರು ಅಂದುಕೊಳ್ಳಬಾರದು.

ಪ್ರಶ್ನೆ: ಪೊಲೀಸರು ತಡೆದರೆ ಏನು ಮಾಡಬೇಕು? ಹೆಸರು ಹೇಳಲೇಬೇಕೆ?

ಉತ್ತರ: ಮೊದಲು ಒಂದೇ ಮಾತು ಕೇಳಲಿ: 'ನನ್ನನ್ನು ತಡೆದಿಟ್ಟಿದ್ದೀರಾ?' ಇಲ್ಲ ಎಂದರೆ ಹೊರಟುಬಿಡಬಹುದು. ತಪಾಸಣೆ ಎಂದರೆ ಯಾವ ಕಾನೂನಿನಡಿ, ಏನು ಹುಡುಕುತ್ತಿದ್ದೀರಿ, ಏಕೆ, ನಿಮ್ಮ ಠಾಣೆ ಯಾವುದು ಎಂದು ಕೇಳುವ ಹಕ್ಕಿದೆ. ಸಾಮಾನ್ಯ ತಪಾಸಣೆಗೆ ಸಕಾರಣ ಅನುಮಾನ ಬೇಕು. ಆದರೆ 1994ರ ಅಪರಾಧ ನ್ಯಾಯ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ 60ನೇ ಸೆಕ್ಷನ್ ಜಾರಿಯಿದ್ದ ಪ್ರದೇಶದಲ್ಲಿ, ಇನ್‌ಸ್ಪೆಕ್ಟರ್ ದರ್ಜೆಯ ಆದೇಶದ ಮೇಲೆ 24 ಗಂಟೆ ಕಾಲ, ಅನುಮಾನವಿಲ್ಲದೆಯೂ ಹುಡುಕಬಹುದು. ತಪಾಸಣೆಗಷ್ಟೇ ತಡೆದಾಗ ಹೆಸರು, ವಿಳಾಸ ಕೊಡಬೇಕೆಂದಿಲ್ಲ. ಸಮಾಜಕ್ಕೆ ಕಿರುಕುಳ ಕೊಡುವ ವರ್ತನೆ ಎಂದು 2002ರ ಪೊಲೀಸ್ ಸುಧಾರಣಾ ಕಾಯ್ದೆಯ 50ನೇ ಸೆಕ್ಷನ್ ಹೇಳಿ ಕೇಳಿದರೆ ಮಾತ್ರ ಕೊಡಬೇಕು. ತಪಾಸಣೆಯ ದಾಖಲೆಯ ಪ್ರತಿಯನ್ನು ಅಲ್ಲೇ ಕೇಳಿ ಪಡೆಯುವುದು ಒಳ್ಳೆಯದು, ಮುಂದೆ ದೂರು ಕೊಡಲು ಅದೇ ಆಧಾರ.

ತಿಳಿನೀಲಿ ಮೇಲಂಗಿ ತೊಟ್ಟ ಪೊಲೀಸರು ನಗುತ್ತಾ ಬಂದು 'ಎಲ್ಲಿಂದ ಬಂದಿರಿ, ಯಾರ ಜೊತೆ' ಎಂದು ಹರಟೆ ಶುರುಮಾಡುತ್ತಾರೆ. ಇವರು ಸಂಪರ್ಕ ತಂಡದವರು. ಸೌಜನ್ಯ ನಿಜವೇ ಇರಬಹುದು, ಆದರೆ ಹೇಳಿದ ಮಾತು ಮಾಹಿತಿಯಾಗಿ ಮೇಲಕ್ಕೆ ಹೋಗುತ್ತದೆ.

ಬಂಧಿಸಿದರೆ ಠಾಣೆಯಲ್ಲಿ ಉಚಿತವಾಗಿ ಸಾಲಿಸಿಟರ್ (ವಕೀಲರು) ಸಿಗುತ್ತಾರೆ. ಅವರು ಬರುವವರೆಗೆ ಹೆಸರು, ವಿಳಾಸ, ಜನ್ಮದಿನ ಹೊರತು ಬೇರೇನೂ ಹೇಳದಿರುವುದು ಲೇಸು. ಸಾಮಾನ್ಯ ಪ್ರಕರಣದಲ್ಲಿ 24 ಗಂಟೆ ಇಟ್ಟುಕೊಳ್ಳಬಹುದು. ಭಯೋತ್ಪಾದನಾ ಕಾಯ್ದೆಯಡಿ ಈ ಅವಧಿ 14 ದಿನದವರೆಗೂ ಹೋಗಬಹುದು. ನಡುರಾತ್ರಿ 'ಒಂದು ಕಾಷನ್‌ಗೆ ಸಹಿ ಹಾಕಿ, ಮನೆಗೆ ಹೋಗಿ' ಎಂದಾಗ ಸುಸ್ತಾದ ವಿದ್ಯಾರ್ಥಿಗಳು ಸಹಿ ಹಾಕಿಬಿಡುತ್ತಾರೆ. ಕಾಷನ್ ಎಂದರೆ ಬರೀ ಎಚ್ಚರಿಕೆ ಅಲ್ಲ, ತಪ್ಪೊಪ್ಪಿಗೆ. ಬ್ರಿಟನ್ನಿನ ವೀಸಾ ಅರ್ಜಿಯಲ್ಲಿ ಅದನ್ನು ತಿಳಿಸಬೇಕಾಗುತ್ತದೆ. ಅಮೆರಿಕದ ಅರ್ಜಿಯಂತೂ ಬಂಧನವಾಗಿತ್ತೇ ಎಂದೇ ಕೇಳುತ್ತದೆ.

ಪ್ರಶ್ನೆ: ಯಾವ ಫಲಕ ಹಿಡಿದರೆ ಅಪರಾಧ?

ಉತ್ತರ: ಇದಕ್ಕೆ ಪಟ್ಟಿ ಕೊಡಲು ಬರುವುದಿಲ್ಲ, ಸಂದರ್ಭ ನೋಡಿ ತೀರ್ಮಾನ. ಪ್ಯಾರಾಗ್ಲೈಡರ್ ಚಿತ್ರ ತೋರಿಸಿದ ಮೂವರು ಮಹಿಳೆಯರು 2024ರ ಫೆಬ್ರವರಿಯಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು, ಏಕೆಂದರೆ ಅವರು ಅದನ್ನು ತೋರಿಸಿದ್ದು ಪ್ಯಾರಾಗ್ಲೈಡರ್‌ಗಳನ್ನೂ ಬಳಸಿದ್ದ ಹಮಾಸ್ ದಾಳಿಯಾದ ಒಂದೇ ವಾರಕ್ಕೆ. ಶಿಕ್ಷೆ ಷರತ್ತಿನ ಬಿಡುಗಡೆ (ಗೊತ್ತಾದ ಅವಧಿಯಲ್ಲಿ ಮತ್ತೆ ತಪ್ಪು ಮಾಡದಿದ್ದರೆ ಬೇರೆ ಶಿಕ್ಷೆಯಿಲ್ಲ) ಮಾತ್ರ. ಆಗಿನ ಪ್ರಧಾನಿ ಸುನಾಕ್ ಮತ್ತು ಬ್ರಾವರ್ಮನ್ ಅವರನ್ನು ತೆಂಗಿನಕಾಯಿಗಳಾಗಿ (ಹೊರಗೆ ಕಂದು, ಒಳಗೆ ಬಿಳಿ) ಬರೆದ ಫಲಕ ಹಿಡಿದಿದ್ದ ಶಿಕ್ಷಕಿಯ ಮೇಲೂ ಜನಾಂಗೀಯ ನಿಂದನೆಯ ಕೇಸಾಯಿತು. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಅದು ರಾಜಕೀಯ ವಿಡಂಬನೆ ಎಂದು ಖುಲಾಸೆ ಮಾಡಿತು.

ಗಟ್ಟಿ ಗೆರೆ ಇರುವುದು ನಿಷೇಧಿತ ಸಂಘಟನೆಗಳ ವಿಚಾರದಲ್ಲಿ. 2000ದ ಭಯೋತ್ಪಾದನಾ ಕಾಯ್ದೆಯ 13ನೇ ಸೆಕ್ಷನ್ನಿಗೆ 'ನನಗೆ ಆ ಉದ್ದೇಶ ಇರಲಿಲ್ಲ' ಎಂಬ ಸಮಜಾಯಿಷಿ ತಾಕುವುದಿಲ್ಲ. ನೋಡಿದವರಿಗೆ ಬೆಂಬಲಿಗರಿರಬಹುದೆಂಬ ಸಕಾರಣ ಅನುಮಾನ ಹುಟ್ಟಿದರೆ ಸಾಕು, ಆರು ತಿಂಗಳವರೆಗೆ ಜೈಲು. ಪ್ಯಾಲೆಸ್ಟೀನ್ ಆ್ಯಕ್ಷನ್ ಸಂಘಟನೆ 2025ರ ಜುಲೈ 5ರಂದು ಆ ಪಟ್ಟಿಗೆ ಸೇರಿತು. ಆಗಸ್ಟ್ 9ರಂದು ಪಾರ್ಲಿಮೆಂಟ್ ಚೌಕದಲ್ಲಿ ಅದರ ಪರ ಫಲಕ ಹಿಡಿದು ಕುಳಿತದ್ದಕ್ಕೇ 500ಕ್ಕೂ ಹೆಚ್ಚು ಬಂಧನವಾಯಿತು, ಸುಮಾರು ಅರ್ಧದಷ್ಟು ಜನ 60 ದಾಟಿದವರು. ಬಂಧನದ ಸಂಖ್ಯೆ ಹಿಂಸೆಯ ಅಳತೆಗೋಲಲ್ಲ ಎನ್ನಲು ಇದಕ್ಕಿಂತ ಪುರಾವೆ ಬೇಡ. ಆ ನಿಷೇಧವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿರುವುದರಿಂದ ಹೊರಡುವ ದಿನವೇ ಸರ್ಕಾರದ ಪಟ್ಟಿ ನೋಡಿಕೊಳ್ಳಬೇಕು.

ಪ್ರಶ್ನೆ: ನವೆಂಬರ್ 11ಕ್ಕೆ ಪೊಲೀಸರು 3 ಲಕ್ಷ ಅಂದರು, ಸಂಘಟಕರು 8 ಲಕ್ಷ ಅಂದರು. ಯಾರನ್ನು ನಂಬುವುದು?

ಉತ್ತರ: ಯಾರನ್ನೂ ನಂಬದೆ ಗುಣಿಸಿ ನೋಡಿ. ಸಾಲಿಗೆ 20 ಜನ, ಸಾಲಿನಿಂದ ಸಾಲಿಗೆ ಒಂದು ಮೀಟರ್, ನಡಿಗೆ ಗಂಟೆಗೆ 3 ಕಿ.ಮೀ. ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 50 ಸಾಲು, ಅಂದರೆ 1,000 ಜನ ದಾಟುತ್ತಾರೆ. ನಾಲ್ಕು ಗಂಟೆ ಎಡೆಬಿಡದೆ ದಾಟಿದರೆ 2,40,000. ಅದೇ ನಾಲ್ಕು ಗಂಟೆಯಲ್ಲಿ 8 ಲಕ್ಷ ದಾಟಬೇಕಾದರೆ ನಿಮಿಷಕ್ಕೆ 3,333 ಜನ. ರಸ್ತೆ ಮೂರು ಪಟ್ಟು ಅಗಲವಿರಬೇಕು ಅಥವಾ ಹೊತ್ತು ಮೂರು ಪಟ್ಟು ಹಿಡಿಯಬೇಕು. ನಡುವೆ ಸೇರಿದವರು, ಅರ್ಧಕ್ಕೇ ಹೊರಟವರು ಈ ಲೆಕ್ಕಕ್ಕೆ ಸಿಗರು. ಹಾಗಾಗಿ ಆರಂಭ ಮತ್ತು ಕೊನೆ ಎರಡೂ ಕಡೆ ಎಣಿಸಬೇಕು.

ನಿಂತ ಸಭೆಗೆ ಬರ್ಕ್ಲಿಯ ಪತ್ರಿಕೋದ್ಯಮ ಬೋಧಕ ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ಬಳಸಿದ ಚೌಕದ ಲೆಕ್ಕವಿದೆ. ವಿರಳವಿದ್ದರೆ ಚದರ ಮೀಟರಿಗೆ ಒಬ್ಬರು, ದಟ್ಟವಿದ್ದರೆ ಎರಡೂವರೆ, ಕೈಯಾಡಿಸಲಾಗದಷ್ಟು ಒತ್ತಾಗಿದ್ದರೆ ನಾಲ್ವರು. ಸಾಮಾನ್ಯ ತಪ್ಪೆಂದರೆ ವೇದಿಕೆ ಮುಂದಿನ ದಟ್ಟಣೆಯನ್ನೇ ಇಡೀ ಮೈದಾನಕ್ಕೆ ಹಚ್ಚುವುದು. ದೂರದಿಂದ ಟೆಲಿ ಲೆನ್ಸಿನಲ್ಲಿ ತೆಗೆದ ಚಿತ್ರವೂ ಸಾಲುಗಳನ್ನು ಒಂದರ ಮೇಲೊಂದು ಒತ್ತಿ ತೋರಿಸುತ್ತದೆ.

ಪ್ರಶ್ನೆ: ವರದಿ ಏಕಪಕ್ಷೀಯ ಅನ್ನಿಸಿದರೆ ದೂರು ಕೊಟ್ಟು ಪ್ರಯೋಜನವಿದೆಯೇ?

ಉತ್ತರ: ಸರಿಯಾದ ಬಾಗಿಲು ತಟ್ಟಿದರೆ ಇದೆ. ಬ್ರಿಟನ್ನಿನಲ್ಲಿ ಪತ್ರಿಕೆ ಒಂದು ಪಕ್ಷದ ಪರ ನಿಲ್ಲುವುದು ತಪ್ಪಲ್ಲ, ತಪ್ಪು ಮಾಹಿತಿ ಕೊಡುವುದು ತಪ್ಪು. ಪತ್ರಿಕೆಗಳ ನಿಯಂತ್ರಣ ಸಂಸ್ಥೆ ಇಪ್ಸೊಗೆ 'ಪಕ್ಷಪಾತ' ಎಂದು ಬರೆದರೆ ಕಡತ ಮುಚ್ಚುತ್ತದೆ. 'ಸಂಹಿತೆಯ 1ನೇ ನಿಯಮ, ನಿಖರತೆ' ಎಂದು ಬರೆದು ಇಂಥ ವಾಕ್ಯ ತಪ್ಪು, ಇಗೋ ಪುರಾವೆ ಎಂದರೆ ಓದುತ್ತಾರೆ. ಪ್ರಕಟವಾದ ನಾಲ್ಕು ತಿಂಗಳೊಳಗೆ ಕೊಡಬೇಕು. 'ಗಾರ್ಡಿಯನ್' ಮತ್ತು 'ಫೈನಾನ್ಷಿಯಲ್ ಟೈಮ್ಸ್' ಇಪ್ಸೊದಲ್ಲಿಲ್ಲ, ಅವಕ್ಕೇ ನೇರ ಬರೆಯಬೇಕು. ಟಿ.ವಿ., ರೇಡಿಯೊ ವಿಷಯ ಬೇರೆ: ನಿಷ್ಪಕ್ಷಪಾತ ಅವುಗಳಿಗೆ ಕಡ್ಡಾಯ. ಬಿಬಿಸಿಗಾದರೆ ಮೊದಲು ಬಿಬಿಸಿಗೇ, 30 ಕೆಲಸದ ದಿನಗಳೊಳಗೆ. ಅಲ್ಲಿನ ಹಂತಗಳು ಮುಗಿದ ಮೇಲೆ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್. ಬೇರೆ ವಾಹಿನಿಗಳಿಗೆ ನೇರ ಆಫ್‌ಕಾಮ್, 20 ಕೆಲಸದ ದಿನಗಳೊಳಗೆ.

ಎರಡೂ ಕಡೆಯವರ ದೂರಿಗೂ ಫಲ ಸಿಕ್ಕಿದೆ. ಮೆರವಣಿಗೆಗಳಲ್ಲಿ ಜನ ಹಮಾಸ್‌ಗೆ ಬೆಂಬಲ ಸೂಚಿಸಿದರು ಎಂದು ಹೇಳಿದ್ದು ದಾರಿ ತಪ್ಪಿಸುವಂತಿತ್ತು ಎಂದು ಬಿಬಿಸಿ 2023ರ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡಿತು. ಗಾಜಾ ಮಕ್ಕಳ ಸಾಕ್ಷ್ಯಚಿತ್ರದಲ್ಲಿ ನಿರೂಪಕ ಬಾಲಕನ ತಂದೆ ಹಮಾಸ್ ಆಡಳಿತದ ಉಪ ಸಚಿವ ಎಂಬುದನ್ನು ಹೇಳದೇ ಇದ್ದದ್ದು ತಪ್ಪೆಂದು 2025ರಲ್ಲಿ ಅದರದೇ ವಿಚಾರಣೆ ಹೇಳಿತು.

ವಿಡಿಯೊ ಕುರಿತು ದೂರಾದರೆ ಅದು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿ. 2024ರ ಏಪ್ರಿಲ್‌ನಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಮೆರವಣಿಗೆ ಬಳಿ ನಿಂತಿದ್ದ ವ್ಯಕ್ತಿಗೆ ನೀವು ಯಹೂದಿಯೆಂದು ಎದ್ದು ಕಾಣುತ್ತೀರಿ ಎಂದ ತುಣುಕು ಹರಿದಾಡಿತು. ಪೊಲೀಸರು ಕ್ಷಮೆ ಕೇಳಿದರು, ಆ ಕ್ಷಮಾಪಣೆಯ ಮಾತೂ ಸರಿಯಿಲ್ಲವೆಂದು ಮತ್ತೆ ಕ್ಷಮೆ ಕೇಳಿದರು. ಆಮೇಲೆ ಸ್ಕೈ ನ್ಯೂಸ್ ದೀರ್ಘ ದೃಶ್ಯ ತೋರಿಸಿದಾಗ ಬೇರೆ ದಾರಿಯಲ್ಲಿ ಹೋಗಿ ಎಂದು ಅದೇ ಅಧಿಕಾರಿ ಪದೇ ಪದೇ ಹೇಳಿದ್ದೂ ಕಂಡಿತು. ಆಡಿದ ಮಾತು ತಪ್ಪೇ, ತುಣುಕು ಪೂರ್ತಿ ಕಥೆಯೂ ಅಲ್ಲ. ದೂರಿನಲ್ಲಿ ಇವಿಷ್ಟನ್ನೂ ಬರೆಯಿರಿ: ಪ್ರಸಾರದ ದಿನ, ಗಂಟೆ, ನಿಮಿಷ, ಆಡಿದ ವಾಕ್ಯ, ಬಿಟ್ಟ ಭಾಗ. ತಲೆಬರಹದ ಸ್ಕ್ರೀನ್‌ಶಾಟ್ ತಕ್ಷಣ ತೆಗೆದಿಡಿ. ಅಂತರ್ಜಾಲದಲ್ಲಿ ತಲೆಬರಹ ಸಂಜೆಯೊಳಗೆ ಬದಲಾಗಿರುತ್ತದೆ.