ಹಳೇ ಕಾರ್ಡಿನಲ್ಲಿ "ಆಟಿಕೆ" ಅಂತಿದ್ದರೆ ನಾನೂ ಹಾಗೇ ಬರೆಯಬೇಕಾ?

ನೀವು ಕೇಳಿದ್ದು ಇಷ್ಟು. ಅರಿಜೋನಾದ ಒಂದು ಸಣ್ಣ ಮ್ಯೂಸಿಯಂಗೆ ವಾಲಂಟಿಯರ್ ಆಗಿ ಸೇರಿದ್ದೀರಿ. ವಿವರಣೆ ಬರೆಯಿರಿ ಅಂತ ಮೂರು ವಸ್ತು ಕೊಟ್ಟಿದ್ದಾರೆ: ಬಣ್ಣ ಬಳಿದ ಒಂದು ಮರದ ಗೊಂಬೆ, ಹೊಳೆಯುವ ಕಪ್ಪು ಮಡಕೆ, ಚಿತ್ರ ಬರೆದ ಹಳದಿ ಮಡಕೆ. ಹಳೇ ಕಾರ್ಡುಗಳಲ್ಲಿ "ಇಂಡಿಯನ್ ವಿಗ್ರಹ ಅಥವಾ ಆಟಿಕೆ", "ಕಪ್ಪು ಗ್ಲೇಜ್ ಮಡಕೆ", "ಮಾಡಿದವರು ಗೊತ್ತಿಲ್ಲ" ಅಂತಿದೆ (ಇಲ್ಲಿ ಇಂಡಿಯನ್ ಅಂದರೆ ಅಮೆರಿಕದ ಮೂಲನಿವಾಸಿ). ಅದನ್ನೇ ನಕಲು ಮಾಡಬೇಕಾ, ಅಳಿಸಿ ಹೊಸದಾಗಿ ಬರೆಯಬೇಕಾ? ಜೊತೆಗೆ ಸ್ಟೋರ್ ರೂಮಿನ ಮೂಲೆಯಲ್ಲಿ ಕಾರ್ಡೇ ಇಲ್ಲದ ಒಂದು ಕೆತ್ತಿದ ಮರದ ತುಂಡು ಇದೆ, ಅದನ್ನೇನು ಮಾಡಲಿ ಅಂತಲೂ ಕೇಳಿದ್ದೀರಿ.

ನಾನೂ ಇದೇ ಕೆಲಸವನ್ನು ವಾಲಂಟಿಯರ್ ಆಗಿ ಒಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ಮೊದಲೇ ಒಂದು ಮಾತು: ಹಳೇ ಕಾರ್ಡಿನಲ್ಲಿ ಇರುವುದು ಕೊಂಡವನ ಮಾತು. ಮಾಡಿದವರನ್ನು ಯಾರೂ ಕೇಳಿ ಬರೆದದ್ದಲ್ಲ. ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಓದಿ.

ಮೊದಲು ಗೊಂಬೆ. ನಿಮ್ಮ ವರ್ಣನೆ ನೋಡಿದರೆ ಅದು ಹೋಪಿ ಅನ್ನುವ ಮೂಲನಿವಾಸಿ ಜನರದ್ದು ಅನಿಸುತ್ತೆ. ಈಶಾನ್ಯ ಅರಿಜೋನಾದಲ್ಲಿ, ಮೂರು ಎತ್ತರದ ಕಲ್ಲುಹಾಸಿನ ಗುಡ್ಡಗಳ ಸುತ್ತ ಅವರ ಊರುಗಳಿವೆ. ಮಳೆ ತರುವ, ಬೆಳೆ ಕಾಯುವ ಚೇತನಗಳನ್ನು ಅವರು ಕಟ್ಸಿನಾ ಅನ್ನುತ್ತಾರೆ. ಚಳಿಗಾಲದ ನಡುವಿನಿಂದ ಜುಲೈವರೆಗೆ ಕಟ್ಸಿನಾಗಳು ಊರಿಗೆ ಬಂದಿರುತ್ತವೆ, ಆಮೇಲೆ ಫ್ಲಾಗ್‌ಸ್ಟಾಫ್ ಹತ್ತಿರದ ಸಾನ್ ಫ್ರಾನ್ಸಿಸ್ಕೊ ಶಿಖರಗಳಿಗೆ ಮರಳುತ್ತವೆ ಅನ್ನುವುದು ಅವರ ನಂಬಿಕೆ. ಆ ತಿಂಗಳುಗಳ ಕುಣಿತಗಳಲ್ಲಿ ಕಟ್ಸಿನಾಗಳೇ ಹೆಣ್ಣುಮಕ್ಕಳ ಕೈಗೆ ಕೊಡುವ ಗೊಂಬೆ ಇದು. ಹೋಪಿ ಮಾತಿನಲ್ಲಿ ಇದರ ಹೆಸರು ತಿಹು. ಕಾಟನ್‌ವುಡ್ ಮರದ ಬೇರಿನಿಂದ ಕೆತ್ತುತ್ತಾರೆ. ಬೇರು ಹಗುರ, ಬೇಗ ಸೀಳುವುದಿಲ್ಲ. ಮನೆಗೆ ತಂದು ಗೋಡೆಗೋ ತೊಲೆಗೋ ತೂಗುಹಾಕುತ್ತಾರೆ. ಮಗು ದಿನಾ ನೋಡಿ ನೋಡಿ ಯಾವ ಕಟ್ಸಿನಾ ಯಾರು ಅಂತ ಕಲಿಯುತ್ತೆ.

ಅಂದರೆ ಇದು ಪೂಜೆಯ ವಿಗ್ರಹ ಅಲ್ಲ. ಸುಮ್ನೆ ಆಡಿ ಬಿಸಾಡುವ ಆಟಿಕೆಯೂ ಅಲ್ಲ. ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ. ಮದುವೆಯಲ್ಲಿ ಮಗಳಿಗೆ ಕೊಟ್ಟ ಪಟ್ಟದ ಗೊಂಬೆಗಳನ್ನು ಯಾರೋ ಒಬ್ಬರು ತೆಗೆದುಕೊಂಡು ಹೋಗಿ "ಮರದ ಆಟಿಕೆ, ಎರಡು" ಅಂತ ಬರೆದಿಟ್ಟರೆ ನಮ್ಮ ಅಜ್ಜಿಯರಿಗೆ ಹೇಗನಿಸುತ್ತಿತ್ತು ಅಂತ ಯೋಚಿಸಿ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಗೊಂಬೆ ಅಂದ ಮಾತ್ರಕ್ಕೆ ಆಟಿಕೆ ಆಗಬೇಕಿಲ್ಲ ಅನ್ನುವುದು ನಮಗೂ ಗೊತ್ತು, ಅಲ್ವಾ?

ಈಗ ಬರೆಯುವ ವಿಚಾರ. ಕಣ್ಣಿಗೆ ಕಂಡದ್ದನ್ನು ಮೊದಲು ಬರೆಯಿರಿ. ಎತ್ತರ ಎಷ್ಟು, ಕೈಗಳು ಹೊಟ್ಟೆಗೆ ಅಂಟಿದಂತಿವೆಯಾ ಅಥವಾ ಕುಣಿಯುವ ಭಂಗಿಯಲ್ಲಿವೆಯಾ, ಬಣ್ಣ ಮಣ್ಣಿನದ್ದಾ ಅಂಗಡಿಯದ್ದಾ, ಗರಿ ನಿಜವಾದದ್ದಾ ಮರದಲ್ಲೇ ಕೆತ್ತಿದ್ದಾ. ಕುತ್ತಿಗೆ ಹತ್ತಿರ ದಾರ ಅಥವಾ ದಾರ ಕಟ್ಟಿದ ಗುರುತು ಇದೆಯಾ ಅಂತ ಅಗತ್ಯವಾಗಿ ನೋಡಿ, ಅದೊಂದು ಮನೆಯಲ್ಲಿ ತೂಗಿದ ಗೊಂಬೆ ಅನ್ನುವುದಕ್ಕೆ ಬೇರೆ ಸಾಕ್ಷಿ ಸಿಗದಿದ್ದಾಗ ಆ ಚೂರು ದಾರವೇ ಹೇಳುತ್ತೆ, ಮತ್ತು ಹಳೇ ಕಾರ್ಡು ಬರೆದವರು ಅದನ್ನು ಕೊಳೆ ಅಂತ ಬಿಟ್ಟಿರುತ್ತಾರೆ. ಹಳೆಯ ಗೊಂಬೆಗಳು ಸಾಮಾನ್ಯವಾಗಿ ನೆಟ್ಟಗೆ, ಬಿಗಿಯಾಗಿ ನಿಂತಿರುತ್ತವೆ. ಕಾಲಡಿ ಪೀಠ ಇದ್ದು, ಕುಣಿಯುವ ಭಂಗಿ ಇದ್ದರೆ, ಕೊಳ್ಳುವವರ ಕಪಾಟಿಗಾಗಿ ಆಮೇಲೆ ಮಾಡಿದ್ದು ಇರುವ ಸಾಧ್ಯತೆ ಜಾಸ್ತಿ. ಚಪ್ಪಟೆ ಹಲಗೆಯಂತಿದ್ದರೆ ಅದು ಪುಟ್ಟ ಕೂಸುಗಳಿಗೆ ಕೊಡುವ ಬಗೆ.

ಯಾವ ಕಟ್ಸಿನಾ ಅಂತ ಮಾತ್ರ ಪುಸ್ತಕದ ಚಿತ್ರ ನೋಡಿ ಊಹೆ ಮಾಡಬೇಡಿ. ನೂರಾರು ಬಗೆ ಇವೆ. ಹೋಪಿ ಜನರದ್ದೇ ಆದ ಸಂಸ್ಕೃತಿ ಸಂರಕ್ಷಣಾ ಕಚೇರಿ ಇದೆ, ಕ್ಯುರೇಟರ್ (ಮ್ಯೂಸಿಯಂನ ಸಂಗ್ರಹ ನೋಡಿಕೊಳ್ಳುವವರು) ಮೂಲಕ ಅವರನ್ನು ಕೇಳಿಸಿ. ಅಲ್ಲಿಯವರೆಗೆ ಆ ಜಾಗ ಖಾಲಿ ಇರಲಿ. ಕಾಗುಣಿತ ಕೂಡ ನೋಡಿಕೊಳ್ಳಿ: ಹಳೇ ದಾಖಲೆಗಳಲ್ಲಿ "ಕಚಿನಾ" ಅಂತಿರುತ್ತೆ, ಆದರೆ ಹೋಪಿ ಭಾಷೆಯಲ್ಲಿ "ಚ" ಸದ್ದೇ ಇಲ್ಲ. ಒಂದು ಭಾನುವಾರ ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂಗೆ ಹೋಗಿ ಬನ್ನಿ. ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ 1964ರಲ್ಲಿ ಕೊಟ್ಟ 437 ಗೊಂಬೆಗಳ ಸಂಗ್ರಹ ಅಲ್ಲಿನದು. ಸಾಲಾಗಿ ಇಟ್ಟದ್ದನ್ನು ನೋಡಿದರೆ ಕಾಲ ಕಳೆದ ಹಾಗೆ ಕೆತ್ತನೆ ಹೇಗೆ ಬದಲಾಯಿತು ಅಂತ ಕಣ್ಣಿಗೇ ತಿಳಿಯುತ್ತೆ.

ಕಪ್ಪು ಮಡಕೆಗೆ ಬರೋಣ. ಅದು ಗ್ಲೇಜ್ ಅಲ್ಲ, ಅಂದರೆ ಮೇಲೆ ಬಳಿದು ಸುಟ್ಟ ಗಾಜಿನಂಥ ಲೇಪ ಅಲ್ಲ! ನಾನೂ ಮೊದಲ ವರ್ಷ ಹಾಗೇ ಬರೆದಿದ್ದೆ, ಒಬ್ಬ ಪ್ಯೂಬ್ಲೊ ಅಜ್ಜಿ (ಈ ಭಾಗದ ಹಳ್ಳಿಗಳ ಮೂಲನಿವಾಸಿಗಳನ್ನು ಪ್ಯೂಬ್ಲೊ ಅನ್ನುತ್ತಾರೆ) ನನ್ನನ್ನು ಪಕ್ಕಕ್ಕೆ ಕರೆದು ತಿದ್ದಿದರು. ಆ ಹೊಳಪು ಬರುವುದು ಉಜ್ಜುವುದರಿಂದ. ಹಸಿ ಮಡಕೆ ಒಣಗಿದ ಮೇಲೆ ನುಣುಪಾದ ಮಣ್ಣಿನ ನೀರು ಬಳಿದು, ಹೊಳೆಯ ನುಣ್ಣನೆ ಕಲ್ಲಿನಿಂದ ಗಂಟೆಗಟ್ಟಲೆ ಉಜ್ಜುತ್ತಾರೆ. ಅದರ ಮೇಲೆ ಮತ್ತೆ ಮಣ್ಣಿನ ನೀರಿನಲ್ಲೇ ಚಿತ್ರ ಬರೆಯುತ್ತಾರೆ, ಆ ಭಾಗ ಮಂಕಾಗಿ ಉಳಿಯುತ್ತೆ. ಬಯಲಲ್ಲೇ ಬೆಂಕಿ ಹಾಕಿ ಸುಡುವಾಗ, ಸರಿಯಾದ ಹೊತ್ತಿಗೆ ಪುಡಿ ಸಗಣಿ ಸುರಿದು ಬೆಂಕಿಯ ಉಸಿರು ಕಟ್ಟಿಸುತ್ತಾರೆ. ಹೊಗೆಯ ಕಪ್ಪು ಮಣ್ಣಿಗೆ ಇಳಿಯುತ್ತೆ. ನ್ಯೂ ಮೆಕ್ಸಿಕೊದ ಸಾನ್ ಇಲ್ಡೆಫೊನ್ಸೊ ಊರಿನ ಮರಿಯಾ ಮಾರ್ಟಿನೆಜ್ ಮತ್ತು ಅವರ ಗಂಡ ಹೂಲಿಯನ್ 1919ರ ಸುಮಾರಿಗೆ ಈ ಕಪ್ಪಿನ ಮೇಲೆ ಕಪ್ಪು ಚಿತ್ರದ ಬಗೆಯನ್ನು ರೂಢಿಗೆ ತಂದರು. ಮರಿಯಾ ಮಡಕೆ ಕಟ್ಟಿದರೆ ಹೂಲಿಯನ್ ಚಿತ್ರ ಬರೆಯುತ್ತಿದ್ದರು.

ನಮಗೆ ಮಡಕೆ ಅಂದರೆ ತಿಗರಿ ನೆನಪಾಗುತ್ತೆ, ಅದಕ್ಕೇ ಇನ್ನೊಂದು ಎಚ್ಚರ ಹೇಳುತ್ತೇನೆ. ಇಲ್ಲಿ ತಿಗರಿ ಇಲ್ಲ. ಮಣ್ಣಿನ ಉದ್ದುದ್ದ ಸುರುಳಿ ಹೊಸೆದು ಒಂದರ ಮೇಲೊಂದು ಸುತ್ತಿ ಏರಿಸುತ್ತಾರೆ. "ತಿರುಗಿಸಿ ಮಾಡಿದ್ದು" ಅಂತ ಅಪ್ಪಿತಪ್ಪಿಯೂ ಬರೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಲೂ ಬೇಡಿ, ಗ್ಲೇಜ್ ಇಲ್ಲದ್ದರಿಂದ ನೀರು ಬಿದ್ದರೆ ಹೊಳಪು ಹೋಗುತ್ತೆ.

ಮಡಕೆಯ ತಳ ನೋಡಿ. ಹೆಸರು ಇದ್ದರೆ ಇದ್ದಂತೆಯೇ, ಅಕ್ಷರ ಬಿಡದೆ ಬರೆದುಕೊಳ್ಳಿ. ಮರಿಯಾ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಥರ ಸಹಿ ಮಾಡಿದರು: ಹೂಲಿಯನ್ ಇದ್ದಾಗ ಇಬ್ಬರ ಹೆಸರು, 1943ರಲ್ಲಿ ಅವರು ತೀರಿಕೊಂಡ ಮೇಲೆ ಸೊಸೆ ಸಂತಾನಾ ಜೊತೆ, ಆಮೇಲೆ ಮಗ ಪೊಪೊವಿ ದಾ ಜೊತೆ. ಹೀಗಾಗಿ ಸಹಿಯಿಂದಲೇ ಮಡಕೆಯ ಕಾಲ ಹೆಚ್ಚುಕಡಿಮೆ ಗೊತ್ತಾಗುತ್ತೆ. ಆದರೆ ಊರಿನ ಬೇರೆ ಹೆಂಗಸರು ಮಾಡಿದ ಮಡಕೆಗಳ ಮೇಲೂ ಅವರು ತಮ್ಮ ಹೆಸರು ಬರೆದುಕೊಟ್ಟದ್ದುಂಟು, ಅವರಿಗೂ ಒಳ್ಳೇ ಬೆಲೆ ಸಿಗಲಿ ಅಂತ. ಆದ್ದರಿಂದ "ಮರಿಯಾ ಮಾಡಿದ್ದು" ಅನ್ನುವುದಕ್ಕಿಂತ "ತಳದಲ್ಲಿ ಈ ಸಹಿ ಇದೆ" ಅಂತ ಬರೆಯುವುದು ಸರಿ.

ಹಳದಿ ಮಡಕೆಯಲ್ಲಿ ಸಹಿಯ ಕಥೆ ಉಲ್ಟಾ. ನಂಪೇಯೊ ಅಂತ ಒಬ್ಬರಿದ್ದರು, ಹೋಪಿ ಗುಡ್ಡದ ಮೇಲಿನ ಹಾನೊ ಊರಿನ ಹೋಪಿ-ತೇವಾ (ಹೋಪಿಗಳ ನಡುವೆ ನೆಲೆಸಿದ ತೇವಾ ಮೂಲದವರು) ಹೆಂಗಸು, 1942ರಲ್ಲಿ ತೀರಿಕೊಂಡರು. ಪಾಳುಬಿದ್ದ ಸಿಕ್ಯಾಟ್ಕಿ ಊರಿನ ಹಳೇ ಚೂರುಗಳ ಚಿತ್ರಗಳನ್ನು ನೋಡಿ, ಅವುಗಳ ಮನೋಧರ್ಮ ಹಿಡಿದು, ತಮ್ಮದೇ ಹೊಸ ಚಿತ್ರಗಳನ್ನು ಬರೆದರು. 1905ರಲ್ಲಿ ಗ್ರ್ಯಾಂಡ್ ಕ್ಯಾನಿಯನ್‌ನ ಹೋಪಿ ಹೌಸ್‌ನಲ್ಲಿ ಪ್ರವಾಸಿಗಳ ಮುಂದೆ ಕೂತು ಮಡಕೆ ಮಾಡಿದರು. ಅವರ ಫೋಟೋ ಬೇಕಾದಷ್ಟು ಜನ ತೆಗೆದಿದ್ದಾರೆ, ಅವರ ಮಡಕೆಯ ಮೇಲೆ ಮಾತ್ರ ಹೆಸರಿಲ್ಲ. ಅವರಿಗೆ ಓದುಬರಹ ಇರಲಿಲ್ಲ. ಕಣ್ಣು ಮಂಜಾದ ಮೇಲೆ ಮಡಕೆ ಅವರು ಕಟ್ಟಿದರು, ಚಿತ್ರ ಹೆಣ್ಣುಮಕ್ಕಳು ಬರೆದರು. ನಿಮ್ಮ ಮಡಕೆ ಅವರದ್ದೇ ಅಂತ ನಾನು ಹೇಳಲಾರೆ. ನಾನು ಹೇಳುವುದು ಕಾರ್ಡಿನ ಮಾತಿನ ಬಗ್ಗೆ. "ಮಾಡಿದವರು ಗೊತ್ತಿಲ್ಲ" ಅಂದರೆ ಗೊತ್ತಾಗುವ ದಾರಿಯೇ ಇಲ್ಲ ಅನ್ನುವ ಹಾಗೆ ಕೇಳಿಸುತ್ತೆ. "ಮಾಡಿದವರ ಹೆಸರು ಕೊಂಡಾಗ ಬರೆದುಕೊಂಡಿಲ್ಲ" ಅಂತ ಬರೆಯಿರಿ. ಆ ಮಡಕೆಯನ್ನು ಒಬ್ಬ ತಾಯಿಯೋ ಮಗಳೋ ಮಾಡಿದ್ದಾರೆ, ಅವಳಿಗೆ ಹೆಸರಿತ್ತು, ಅವಳ ಮೊಮ್ಮಕ್ಕಳು ಇವತ್ತೂ ಅಲ್ಲೇ ಇರಬಹುದು. ನನಗೆ ಈ ಒಂದು ಸಾಲು ತುಂಬಾ ಮುಖ್ಯ.

ಹಳೇ ಮಾತುಗಳನ್ನು ಅಳಿಸಬೇಡಿ. "ವಿಗ್ರಹ", "ಆಟಿಕೆ" ಎಲ್ಲಾ "ಹಿಂದಿನ ಕಾರ್ಡಿನಲ್ಲಿ ಇದ್ದದ್ದು" ಅಂತ ಬೇರೆ ಅಂಕಣದಲ್ಲಿ, ದಿನಾಂಕದ ಜೊತೆ ಇರಲಿ. ಸಾರ್ವಜನಿಕರು ಓದುವ ವಿವರಣೆಗೆ ಅವು ಬೇಡ. ಆದರೆ ಮುಂದೆ ಯಾರೋ ತಮ್ಮ ಮನೆತನದ ವಸ್ತು ಹುಡುಕಿಕೊಂಡು ಬಂದಾಗ, ಆ ಹಳೇ ಮಾತು, ಹಳೇ ನಂಬರು ಇದ್ದರೇ ದಾರಿ ಸಿಗುವುದು. ಇನ್ನು ಮುಟ್ಟುವಾಗ ಕೈಗವಸು ಹಾಕಿ. ಹಿಂದೆ ಮ್ಯೂಸಿಯಂಗಳಲ್ಲಿ ಹುಳ ಹಿಡಿಯದಿರಲಿ ಅಂತ ಮರ, ಗರಿ, ಚರ್ಮದ ವಸ್ತುಗಳಿಗೆ ಆರ್ಸೆನಿಕ್ ಹಚ್ಚುತ್ತಿದ್ದರು.

ಕೊನೆಗೆ ಆ ಕಾರ್ಡಿಲ್ಲದ ಕೆತ್ತನೆ. ಬಿಸಿಲು ಮಳೆಗೆ ಸವೆದ ಉದ್ದನೆ ಕಂಬ, ಮೇಲೆ ಮುಖದಂತೆ ಕೆತ್ತಿದೆ, "ಹಾಳಾಗಿದೆ" ಅಂತ ಬರೆಯಲಾ ಅಂದಿರಿ. ಏನೂ ಬರೆಯಬೇಡಿ. ನ್ಯೂ ಮೆಕ್ಸಿಕೊದ ಝೂನಿ ಅನ್ನುವ ಮೂಲನಿವಾಸಿ ಜನರ ಅಹಯೂದ ಅನ್ನುವ ಪವಿತ್ರ ಕೆತ್ತನೆಗಳು ಬಯಲು ಗುಡಿಗಳಲ್ಲಿ ನಿಂತು ನಿಧಾನವಾಗಿ ಮಣ್ಣಿಗೆ ಸೇರಲೆಂದೇ ಮಾಡಿದ್ದು. ಸವೆಯುವುದೇ ಅವುಗಳ ಕೆಲಸ. ಅವು ಇಡೀ ಸಮುದಾಯದ ಸ್ವತ್ತು, ಒಬ್ಬರು ಮಾರುವ ಹಾಗೇ ಇಲ್ಲ. ಆದ್ದರಿಂದ ಹೊರಗೆ ಹೋದದ್ದೆಲ್ಲ ಕದ್ದದ್ದು ಅಂತಲೇ ಅವರು 1978ರಿಂದ ಒಂದೊಂದಾಗಿ ವಾಪಸ್ ಕೇಳುತ್ತಾ ಬಂದಿದ್ದಾರೆ, ಎಷ್ಟೋ ಮ್ಯೂಸಿಯಂಗಳು ಕೊಟ್ಟಿವೆ. ನಿಮ್ಮಲ್ಲಿರುವುದು ಅದೇ ಅಂತ ನೀವೂ ನಾನೂ ತೀರ್ಮಾನ ಮಾಡುವಂತಿಲ್ಲ. ಮೂಲನಿವಾಸಿಗಳ ಪವಿತ್ರ ವಸ್ತುಗಳನ್ನು ಅವರಿಗೇ ಮರಳಿಸುವ ಬಗ್ಗೆ ಅಮೆರಿಕದಲ್ಲಿ 1990ರ ಕಾಯ್ದೆ ಇದೆ, ಅದರ ಹೊಸ ನಿಯಮಗಳು 2024ರ ಜನವರಿಯಲ್ಲಿ ಜಾರಿಗೆ ಬಂದಿವೆ. ಇಂಥ ಪವಿತ್ರ ವಸ್ತುಗಳನ್ನು ಪ್ರದರ್ಶನಕ್ಕೆ ಇಡಲಿಕ್ಕೂ ಅಧ್ಯಯನ ಮಾಡಲಿಕ್ಕೂ ಆ ಜನರ ಒಪ್ಪಿಗೆ ಮೊದಲು ಬೇಕು. ಫೋಟೋ ತೆಗೆಯಬೇಡಿ, ತೆಗೆದಿದ್ದರೆ ಎಲ್ಲೂ ಹಾಕಬೇಡಿ. ಒರೆಸಬೇಡಿ, ಜಾಗ ಬದಲಿಸಬೇಡಿ. ನಾಳೆ ಬೆಳಿಗ್ಗೆ ಬೇರೆ ಕೆಲಸ ಶುರು ಮಾಡುವ ಮೊದಲು ಕ್ಯುರೇಟರ್ ಹತ್ತಿರ ಹೋಗಿ ಇದನ್ನು ಹೇಳಿ. ಗೊಂಬೆ, ಮಡಕೆ ನಾಲ್ಕು ದಿನ ಕಾದರೂ ಪರವಾಗಿಲ್ಲ.