ಕಾಲೇಜಿನ ಮಿಷನ್ ಟ್ರಿಪ್‌ನಲ್ಲಿ ಹಳ್ಳಿಯವರ ಮುಂದೆ ನನ್ನ ನಂಬಿಕೆಯನ್ನು ಹೇಗೆ ಹೇಳಲಿ?

ನೀವು ಕೇಳಿರುವುದರಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಮೈಸೂರಿನ ಕಾಲೇಜು ಫೆಲೋಶಿಪ್ (ಕ್ರೈಸ್ತ ವಿದ್ಯಾರ್ಥಿಗಳ ಗುಂಪು) ಜೊತೆ ಸಂಕ್ರಾಂತಿ ರಜೆಯಲ್ಲಿ ಪಾಂಡವಪುರದ ಕಡೆಯ ಹಳ್ಳಿಯೊಂದಕ್ಕೆ ಐದು ದಿನ ಹೋಗುತ್ತಿದ್ದೀರಿ, ಮನೆಮನೆಗೆ ಹೋಗಿ ಸಾಕ್ಷಿ, ಅಂದರೆ ನಿಮ್ಮ ಬದುಕಿನಲ್ಲಿ ದೇವರನ್ನು ಕಂಡ ಕಥೆ, ಹೇಳಬೇಕು, ಹೇಗೆ ಹೇಳುವುದು ಅನ್ನುವುದು ಒಂದು. ಇದು ಕಾನೂನಿಗೆ ವಿರುದ್ಧವೇ ಅನ್ನುವುದು ಎರಡನೆಯದು. ಹಾಸ್ಟೆಲ್‌ನ ರೂಮ್‌ಮೇಟ್ ‘ಏನಮ್ಮಾ, ಮತಾಂತರ ಮಾಡೋಕೆ ಹೊರಟ್ಯಾ?’ ಅಂದರೆ ಏನು ಹೇಳಲಿ ಅನ್ನುವುದು ಮೂರನೆಯದು.

ನಾನು ಮೈಸೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ಕಾಲೇಜಿನ ದಿನಗಳಲ್ಲಿ ಇಂಥ ಟ್ರಿಪ್‌ಗಳಿಗೆ ಹೋಗಿದ್ದೇನೆ. ಈಗ ನಮ್ಮ ಯೂತ್‌ನ ಹುಡುಗರು ಹೊರಟರೆ ದೊಡ್ಡವರು ಯಾರಾದರೂ ಇರಲಿ ಅಂತ ನನ್ನನ್ನೂ ವ್ಯಾನ್ ಹತ್ತಿಸಿಕೊಳ್ಳುತ್ತಾರೆ. ಅಷ್ಟರ ಮೇಲೆ ಹೇಳುತ್ತೇನೆ: ಹೋಗಿ. ಆದರೆ ಕೊಡುವವರಾಗಿ ಹೋಗಬೇಡಿ, ನೆಂಟರಾಗಿ ಹೋಗಿ. ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯ ತೆಗೆದು ನೋಡಿ, ಯೇಸು ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಊರುಗಳಿಗೆ ಕಳಿಸುವ ಭಾಗ. ಹಣದ ಚೀಲ ಬೇಡ, ಜೋಳಿಗೆ ಬೇಡ, ಕಾಲಿಗೆ ಕೆರವೂ ಬೇಡ. ಬರಮಾಡಿಕೊಂಡ ಮನೆಯಲ್ಲೇ ಉಳಿಯಿರಿ, ಬಡಿಸಿದ್ದನ್ನು ಉಣ್ಣಿರಿ, ಮನೆಯಿಂದ ಮನೆಗೆ ಅಲೆಯಬೇಡಿ. ಮನೆಮನೆ ಭೇಟಿಯ ಚಾರ್ಟ್ ಬರೆದುಕೊಂಡು ಹೊರಡುವ ತಂಡಗಳು ಈ ಕೊನೆಯ ಮಾತನ್ನು ಹೇಗೆ ದಾಟಿಕೊಂಡು ಹೋಗುತ್ತವೋ ನನಗಂತೂ ತಿಳಿಯದು.

ಕಾನೂನಿನ ಮಾತು ಮುಗಿಸಿಬಿಡೋಣ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಕೆಡಬಾರದು ಅನ್ನುವ ಮಿತಿಯೂ ಅಲ್ಲೇ ಇದೆ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿಮ್ಮ ಧರ್ಮದ ತಿರುಳನ್ನು ತಿಳಿಸುವುದು ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದು ಗೆರೆ ಎಳೆಯಿತು. ಅದರ ಮೇಲೆ ನಮ್ಮ ರಾಜ್ಯದಲ್ಲಿ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಒತ್ತಾಯ, ವಂಚನೆ, ಆಮಿಷ, ಮದುವೆಯ ಭರವಸೆ ಇವುಗಳಿಂದ ಮತಾಂತರ ಮಾಡಿದರೆ ಅಥವಾ ಮಾಡಲು ಯತ್ನಿಸಿದರೆ 3ರಿಂದ 5 ವರ್ಷ ಜೈಲು. ಎದುರಿಗಿರುವವರು ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ 10 ವರ್ಷದವರೆಗೆ. ಜಾಮೀನು ಸುಲಭವಿಲ್ಲ, ಆಮಿಷ ಒಡ್ಡಿಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪಿಯ ತಲೆಯ ಮೇಲೆ. 2023ರ ಜೂನ್‌ನಲ್ಲಿ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನಿಸಿದ್ದು ಪತ್ರಿಕೆಗಳಲ್ಲಿ ಬಂದಿದ್ದೇ ತಡ, ‘ಆ ಕಾಯ್ದೆ ಹೋಯ್ತು ಬಿಡಿ’ ಅನ್ನುವವರು ಹುಟ್ಟಿಕೊಂಡರು. ಸಂಪುಟದ ತೀರ್ಮಾನ ಬೇರೆ, ಸದನದಲ್ಲಿ ಕಾಯ್ದೆ ರದ್ದಾಗುವುದು ಬೇರೆ. ಹೊರಡುವ ವಾರ ಮಂಡ್ಯ ಕೋರ್ಟಿನ ವಕೀಲರೊಬ್ಬರನ್ನು ಕೇಳಿ, ಅವರ ಫೋನ್ ನಂಬರನ್ನೂ ತಂಡದ ಎಲ್ಲರಿಗೆ ಕೊಡಿಸಿ. ನಿಮ್ಮ ಜೊತೆ ವಿದೇಶದ ಗೆಳೆಯರು ಯಾರಾದರೂ ಟೂರಿಸ್ಟ್ ವೀಸಾದಲ್ಲಿ ಬರುತ್ತಿದ್ದರೆ ಅವರು ಬಾಯಿ ಬಿಡುವಂತಿಲ್ಲ. ಮಿಷನರಿ ಕೆಲಸಕ್ಕೆ ಬೇರೆಯೇ ವೀಸಾ ಬೇಕು. ಅವರನ್ನು ಅರಮನೆ, ಚಾಮುಂಡಿ ಬೆಟ್ಟ ತೋರಿಸಿ ಕಳಿಸಿ.

ಆ ಕಾಯ್ದೆಯಲ್ಲಿ ಆಮಿಷ ಎಂದರೆ ಏನೇನು ಅಂತ ಓದಿದರೆ ನೆಂಟರಾಗಿ ಹೋಗಿ ಅಂತ ನಾನು ಯಾಕೆ ಹೇಳಿದೆ ಅಂತ ಗೊತ್ತಾಗುತ್ತದೆ. ಉಡುಗೊರೆ, ಹಣ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಓದು, ಒಳ್ಳೆಯ ಬದುಕಿನ ಆಸೆ, ದೇವರ ಕೋಪದ ಭಯ, ಇನ್ನೊಂದು ಧರ್ಮದ ಆಚರಣೆಯನ್ನು ಕೀಳಾಗಿ ತೋರಿಸುವುದು, ಎಲ್ಲ ಸೇರಿದೆ. ನಿಮ್ಮ ಫೆಲೋಶಿಪ್ ಕೊಂಡೊಯ್ಯಲಿರುವ ನೋಟ್‌ಬುಕ್, ಕಂಬಳಿ ಯಾವ ಒಳ್ಳೆಯ ಮನಸ್ಸಿನಿಂದ ಬಂದಿದ್ದರೂ ಸಂಜೆಯ ಸಾಕ್ಷಿಯ ಪಕ್ಕದಲ್ಲಿ ಇಟ್ಟರೆ ಬೆಲೆಪಟ್ಟಿಯಾಗುತ್ತದೆ. ಕಾನೂನೇ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಕಂಬಳಿ ಪಡೆದ ಮುದುಕಿ ನಿಮ್ಮ ಮಾತಿಗೆ ತಲೆಯಾಡಿಸುವುದು ಕಂಬಳಿಗೋ ಮಾತಿಗೋ ಅಂತ ನಿಮಗೂ ಗೊತ್ತಾಗುವುದಿಲ್ಲ, ಅವಳಿಗೂ ಗೊತ್ತಾಗುವುದಿಲ್ಲ. ಈಗಾಗಲೇ ಕೊಂಡಿದ್ದರೆ ನೋಟ್‌ಬುಕ್‌ಗಳನ್ನು ಜೂನ್‌ನಲ್ಲಿ ಯಾವುದಾದರೂ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರ್ ಕೈಗೆ ಕೊಡಿ, ಹೆಸರು ಹಾಕದೆ.

ಇನ್ನು ಮುಖ್ಯ ವಿಷಯ. ಯೇಸುವಿನ ಹೆಸರನ್ನೇ ಕೇಳದ ಜನರ ಹತ್ತಿರ ಹೋಗುತ್ತಿದ್ದೇವೆ ಅನ್ನುವ ಭಾವನೆ ಬೆಂಗಳೂರಿನಿಂದ ಬರುವ ಹುಡುಗರಿಗೆ ಬಹಳ. ಪಾಂಡವಪುರದ ರೈತರಿಗೆ ಆ ಹೆಸರು ಹೊಸದೇನಲ್ಲ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಮೈಸೂರಿನ ಫಿಲೋಮಿನಾ ಚರ್ಚಿನಲ್ಲಿ ಯಾವ ದಿನ ಬೇಕಾದರೂ ಹೋಗಿ ನಿಂತು ನೋಡಿ, ಮೇಣದಬತ್ತಿ ಹಚ್ಚುವವರ ಹಣೆಯಲ್ಲಿ ಕುಂಕುಮ, ವಿಭೂತಿ ಕಾಣುತ್ತದೆ. ಕೆ.ಆರ್. ನಗರದ ಹತ್ತಿರದ ದೋರನಹಳ್ಳಿಗೆ, ಸಂತ ಅಂತೋಣಿಯವರ ಹಬ್ಬಕ್ಕೆ, ಜೂನ್ 13ಕ್ಕೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಹೊಲ ಉಳುವಾಗ ರೈತನಿಗೆ ವಿಗ್ರಹ ಸಿಕ್ಕಿತು ಅನ್ನುವ ಅಲ್ಲಿಯ ಕಥೆಯನ್ನು ನಿಮಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ. 1906ರಿಂದ ಇರುವ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಆ ಕಡೆ ಸಿಕ್ಕರೆ ಆಶ್ಚರ್ಯಪಡಬೇಡಿ.

ನೀವು ಹೋಗುವ ದಾರಿಯಲ್ಲೇ ಶ್ರೀರಂಗಪಟ್ಟಣ ಸಿಗುತ್ತದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅಲ್ಲಿ ಅಳಿದುಳಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಅಬ್ಬೆ ದುಬುವಾ ಎಂಬ ಫ್ರೆಂಚ್ ಪಾದ್ರಿ. ಇಲ್ಲಿಯ ಉಡುಗೆ ಉಟ್ಟರು, ಮಾಂಸ ಬಿಟ್ಟರು, ಸಿಡುಬಿನ ಲಸಿಕೆ ಆಗಷ್ಟೇ ಬಂದಿದ್ದ ಕಾಲದಲ್ಲಿ ಹಳ್ಳಿಗಳಲ್ಲಿ ಅದನ್ನು ಹಾಕಿಸುವ ಕೆಲಸಕ್ಕೆ ನಿಂತರು. ಮೂವತ್ತು ವರ್ಷ ಈ ದೇಶದಲ್ಲಿ ಕಳೆದು 1823ರಲ್ಲಿ ಊರಿಗೆ ಮರಳಿದಾಗ ಅವರು ಬರೆದದ್ದು ಏನು ಗೊತ್ತೇ? ಇಲ್ಲಿಯ ಜನರನ್ನು ಕ್ರೈಸ್ತರನ್ನಾಗಿ ಮಾಡುವ ಕೆಲಸ ಆಗುವಂಥದ್ದಲ್ಲ ಎಂದು. ಆ ತೀರ್ಮಾನ ಸರಿಯೋ ತಪ್ಪೋ ಬೇರೆ ಮಾತು, ಆ ಕಾಲದ ಮಿಷನರಿಗಳೇ ಅವರ ಮೇಲೆ ಮುಗಿಬಿದ್ದರು. ಆದರೆ ಐದು ದಿನದ ಟ್ರಿಪ್ ಮುಗಿಸಿ ‘ಇಷ್ಟು ಆತ್ಮಗಳು ರಕ್ಷಣೆ ಹೊಂದಿದವು’ ಅಂತ ಇನ್‌ಸ್ಟಾಗ್ರಾಂನಲ್ಲಿ ಲೆಕ್ಕ ಹಾಕುವವರನ್ನು ಕಂಡಾಗ ನನಗೆ ದುಬುವಾ ನೆನಪಾಗುತ್ತಾರೆ. ಯಾರದೋ ಅಜ್ಜಿ ಕೈ ಮುಗಿದ ಫೋಟೋ ನಿಮ್ಮ ಪೋಸ್ಟಿನ ಸರಕಲ್ಲ. ಅವಳು ಆ ಊರಿನಲ್ಲೇ ಬಾಳಬೇಕು, ಅದೇ ನಲ್ಲಿಯಲ್ಲಿ ನೀರು ಹಿಡಿಯಬೇಕು.

ಜಗಲಿಯ ಮೇಲೆ ಕೂತ ಮೇಲೆ ನೀವು ಮಾತು ಶುರು ಮಾಡುವ ಮೊದಲೇ ಅವರು ಶುರು ಮಾಡುತ್ತಾರೆ. ‘ಯಾವ್ ಜನ ನೀವು?’ ಅಂತ ಕೇಳುವುದು ಖಂಡಿತ. ‘ನಮ್ಮಲ್ಲಿ ಜಾತಿ ಇಲ್ಲ’ ಅಂತ ದೊಡ್ಡ ಮಾತು ಆಡಬೇಡಿ. ನಮ್ಮ ಸಭೆಗಳಲ್ಲಿ ಮದುವೆ ಮಾತುಕತೆ ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇರುವುದನ್ನು ಇರುವ ಹಾಗೆ ಹೇಳಿ. ‘ಇದಕ್ಕೆ ನಿಮಗೆ ಎಷ್ಟ್ ದುಡ್ಡ್ ಕೊಡ್ತಾರಪ್ಪ?’ ಅಂತಲೂ ಕೇಳುತ್ತಾರೆ, ಕೋಪ ಮಾಡಿಕೊಳ್ಳಬೇಡಿ, ಬಸ್ ಚಾರ್ಜ್ ಯಾರು ಹಾಕಿದರು ಅಂತ ಹೇಳಿಬಿಡಿ. ಆಮೇಲೆ ಎಲ್ಲಕ್ಕಿಂತ ಕಷ್ಟದ್ದು, ತುಂಬ ಪ್ರೀತಿಯಿಂದ ಬರುವಂಥದ್ದು: ‘ಎಲ್ಲಾ ದೇವ್ರೂ ಒಂದೇ ಕಣ್ ಮಗ.’ ಇಲ್ಲಿ ನಮ್ಮ ಹುಡುಗರು ಟ್ರೈನಿಂಗ್‌ನಲ್ಲಿ ಕಲಿತ ವಾದ ತೆಗೆಯುತ್ತಾರೆ. ಮುದುಕ ನಗುತ್ತಾನೆ, ಬೀಡಿ ಹಚ್ಚುತ್ತಾನೆ, ಮಾತು ಅಲ್ಲಿಗೆ ಮುಗಿಯಿತು. ವಾದ ಬೇಡ. ‘ನೀವು ನಿಮ್ಮ ದೇವರ ಹತ್ತಿರ ಏನು ಕೇಳ್ಕೊಂಡಿದ್ರಿ ತಾತ, ಸಿಕ್ತಾ?’ ಅಂತ ಕೇಳಿ. ಬೋರ್‌ವೆಲ್, ಮಗಳ ಬಾಣಂತನ, ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಾಕಿ, ಎಲ್ಲ ಬರುತ್ತದೆ. ಪೂರ್ತಿ ಕೇಳಿಸಿಕೊಳ್ಳಿ. ಅವರು ಮುಗಿಸಿ ‘ನಿಂದು ಹೇಳು’ ಅನ್ನುವ ಗಳಿಗೆಯೇ ನಿಮ್ಮ ಸಾಕ್ಷಿಯ ಗಳಿಗೆ. ಅದು ಬರದಿದ್ದರೆ ಬರಲಿಲ್ಲ. ಕೇಳುವವರಿಗೆ ಉತ್ತರ ಹೇಳಲು ಸಿದ್ಧವಾಗಿರಿ, ಅದನ್ನೂ ಸಾತ್ವಿಕವಾಗಿ ಹೇಳಿ ಅಂತಲೇ ಯೇಸುವಿನ ಶಿಷ್ಯ ಪೇತ್ರ ತನ್ನ ಪತ್ರದಲ್ಲಿ ಬರೆದದ್ದು. ಅದರಲ್ಲಿ ಕೇಳುವವರು ಮೊದಲು ಬರುತ್ತಾರೆ.

ಸಾಕ್ಷಿ ಚಿಕ್ಕದಿರಲಿ, ನಿಮ್ಮದೇ ಇರಲಿ. ಸ್ಟೇಜ್ ಮೇಲೆ ಕೇಳಿದ ಸಾಕ್ಷಿಗಳ ಮಾದರಿಯಲ್ಲಿ ಮೊದಲರ್ಧವನ್ನು ಕಪ್ಪಗೆ ಬಳಿದು ಉಳಿದರ್ಧವನ್ನು ಬೆಳಗಿಸುವ ಅಭ್ಯಾಸ ನಮ್ಮವರಿಗಿದೆ. ಇಪ್ಪತ್ತು ವರ್ಷದ ಹುಡುಗಿ ‘ನಾನು ಘೋರ ಪಾಪಿಯಾಗಿದ್ದೆ’ ಅಂದರೆ ಊರ ಹೆಂಗಸರು ಬೇರೆಯೇ ಏನೋ ಊಹಿಸಿಕೊಳ್ಳುತ್ತಾರೆ! ಅಪ್ಪ ಆಸ್ಪತ್ರೆಯಲ್ಲಿದ್ದಾಗ ಏನು ಪ್ರಾರ್ಥಿಸಿದಿರಿ, ಯಾರ ಮೇಲಿನ ಹಗೆ ಹೇಗೆ ಬಿಟ್ಟುಹೋಯಿತು, ಇನ್ನೂ ಬಗೆಹರಿಯದ್ದು ಯಾವುದು, ಅಂಥದ್ದನ್ನು ಹೇಳಿ. ನಿಮಗೆ ಆದದ್ದು ಅವರಿಗೂ ಆಗುತ್ತದೆ ಅಂತ ಮಾತ್ರ ಭರವಸೆ ಕೊಡಬೇಡಿ. ‘ನಮಗೂ ಒಂದ್ ಪ್ರಾರ್ಥನೆ ಮಾಡವ್ವ’ ಅಂತ ಅವರೇ ಕೇಳಿದರೆ ಮಾಡಿ, ಎರಡು ವಾಕ್ಯದಲ್ಲಿ ಮುಗಿಸಿ, ಕೂಗಾಡಬೇಡಿ. ಶುಗರ್ ಇರುವವರಿಗೆ ಮಾತ್ರೆ ನಿಲ್ಲಿಸಬೇಡಿ ಅಂತ ಬಾಯಿಬಿಟ್ಟು ಹೇಳಿ, ಬಿಟ್ಟುಬಿಡುವವರಿದ್ದಾರೆ. ಮಕ್ಕಳನ್ನು ಗುಂಪು ಸೇರಿಸಿ ಹಾಡು ಆಟ ನಡೆಸುವುದು ಬೇಡವೇ ಬೇಡ. ತಂದೆತಾಯಿ ಪಕ್ಕದಲ್ಲಿ ಇಲ್ಲದಿದ್ದರೆ ಒಂದು ಬಿಸ್ಕತ್ತೂ ಬೇಡ.

ಇನ್ನೊಂದು ಸಂಗತಿ ಟ್ರೈನಿಂಗ್‌ನಲ್ಲಿ ಯಾರೂ ಹೇಳುವುದಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು, ಕ್ರೈಸ್ತರನ್ನು ಸೇರಿಸಿಲ್ಲ. ನೀವು ಹೋಗುವ ಊರಿನಲ್ಲಿ ಮೊದಲು ನಿಮ್ಮನ್ನು ಒಳಗೆ ಕರೆಯುವುದು ಬಹುಶಃ ದಲಿತರ ಕೇರಿಯೇ. ಅಲ್ಲಿಯ ಹುಡುಗನೊಬ್ಬ ಉತ್ಸಾಹದಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾಗುವ ಮಾತೆತ್ತಿದರೆ ಅವನ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್, ನಾಳೆಯ ಸರ್ಕಾರಿ ನೌಕರಿ ಎಲ್ಲ ಆ ಮಾತಿನ ಜೊತೆ ಕಟ್ಟಿಕೊಂಡಿದೆ. ಈ ಬೆಲೆ ಅನ್ಯಾಯದ್ದು ಅಂತ ನಾನು ನಂಬುತ್ತೇನೆ. ಆದರೆ ಅದನ್ನು ತೆರುವವನು ಅವನು, ನೀವಲ್ಲ, ನೀವು ಆರನೇ ದಿನ ಕ್ಲಾಸಿನಲ್ಲಿರುತ್ತೀರಿ. ಅಂಥ ಮಾತು ಬಂದರೆ ಅವಸರ ಮಾಡದೆ ಅಲ್ಲಿಯ ಸಭೆಯ ಅಯ್ಯನವರ (ಪಾದ್ರಿಯ) ಹತ್ತಿರ ಬಿಡಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಂಕ್ರಾಂತಿಗೆ ಹೋಗುತ್ತಿದ್ದೀರಿ, ಎಳ್ಳು-ಬೆಲ್ಲ ಕೊಟ್ಟೇ ಕೊಡುತ್ತಾರೆ, ತಿನ್ನಿ. ಸಂಜೆ ದನಗಳಿಗೆ ಕಿಚ್ಚು ಹಾಯಿಸುವಾಗ ಅಂಚಿನಲ್ಲಿ ನಿಂತು ನೋಡಿ, ಆ ಹೊತ್ತಿನಲ್ಲಿ ಕರಪತ್ರ ತೆಗೆದರೆ ನಿಮ್ಮಷ್ಟು ಒರಟರು ಇನ್ನಿಲ್ಲ. ದೇವಸ್ಥಾನದ ಪ್ರಸಾದದ ವಿಷಯದಲ್ಲಿ ನಮ್ಮಲ್ಲೇ ಎರಡು ಅಭಿಪ್ರಾಯವಿದೆ. ಅದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು, ಆದರೆ ಏನು ಮಾಡುತ್ತೀರಿ ಅಂತ ಮೈಸೂರಿನಲ್ಲೇ ತೀರ್ಮಾನಿಸಿಕೊಳ್ಳಿ. ತಟ್ಟೆ ಮುಂದೆ ಬಂದಾಗ ಒಬ್ಬರ ಮುಖ ಒಬ್ಬರು ನೋಡುವುದು ಚೆನ್ನಾಗಿರುವುದಿಲ್ಲ. ಮುದ್ದೆಯನ್ನು ಅಗಿಯಬೇಡಿ, ನುಂಗಿ. ಕಬ್ಬು ಕಡಿಯುವ ಕೆಲಸ ನಡೆಯುತ್ತಿದ್ದರೆ ಕೇಳಿಕೊಂಡು ಒಂದು ಬೆಳಗ್ಗೆ ಜೊತೆಗೆ ನಿಲ್ಲಿ, ನಿಮ್ಮ ಕೆಲಸ ಅವರಿಗೆ ಪ್ರಯೋಜನಕ್ಕೆ ಬರುವುದಿಲ್ಲ, ಆದರೆ ನಗುತ್ತಾರೆ, ಮಾತಿಗೆ ಸಿಗುತ್ತಾರೆ.

ರೂಮ್‌ಮೇಟ್‌ಗೆ ಎಲ್ಲಿಗೆ, ಯಾಕೆ, ಯಾರ ಜೊತೆ ಅಂತ ಪೂರ್ತಿ ಹೇಳಿ. ಮನೆಯವರಿಗೂ ಹೇಳಿ. ಬಚ್ಚಿಟ್ಟರೆ ಅನುಮಾನಕ್ಕೆ ನೀವೇ ಜಾಗ ಕೊಟ್ಟ ಹಾಗೆ. ಅವಳು ಕೇಳಿದ್ದಕ್ಕೆ ‘ನನ್ನ ಕಥೆ ಹೇಳೋಕೆ, ಅವರ ಕಥೆ ಕೇಳೋಕೆ ಹೋಗ್ತಿದ್ದೀನಿ’ ಅನ್ನಬಹುದು, ಅದು ನಿಜವಾಗಿಯೂ ಹಾಗೇ ಇದ್ದರೆ. ಬೇಕಾದರೆ ಅವಳನ್ನೇ ಜೊತೆಗೆ ಕರೆಯಿರಿ. ಅವಳ ಎದುರು ಹೇಳಲಾಗದ ಮಾತನ್ನು ಹಳ್ಳಿಯ ಹೆಂಗಸಿನ ಎದುರೂ ಹೇಳಬಾರದು.

ಸ್ಥಳೀಯ ಸಭೆಯ ಅಯ್ಯನವರು ಜೊತೆಗಿಲ್ಲದೆ, ಊರಿನ ಹಿರಿಯರಿಗೆ ಮೊದಲೇ ತಿಳಿಸದೆ ಕಾಲಿಡಬೇಡಿ. ಯಾರಾದರೂ ತಡೆದು ಜೋರು ಮಾಡಿದರೆ ವಾದಕ್ಕಿಳಿಯಬೇಡಿ, ಮೊಬೈಲ್ ಎತ್ತಿ ವಿಡಿಯೋ ಮಾಡಬೇಡಿ. ತಂಡದ ಹಿರಿಯರೊಬ್ಬರೇ ಮಾತಾಡಲಿ, ಉಳಿದವರು ವ್ಯಾನ್ ಹತ್ತಿ. ಊರು ಬಿಡುವಾಗ ಯಾರಾದರೂ ಇನ್ನೂ ತಿಳಿಯಬೇಕು ಅಂದರೆ ಅವರ ನಂಬರ್ ತೆಗೆದುಕೊಳ್ಳಬೇಡಿ, ಅಯ್ಯನವರ ನಂಬರ್ ಕೊಡಿ. ಬೇಕಾದರೆ ಅವರೇ ಫೋನ್ ಮಾಡುತ್ತಾರೆ. ಮತ್ತೆ ಇಂಟರ್ನಲ್ಸ್ ಮುಗಿದ ಮೇಲೆ ಒಂದು ಭಾನುವಾರ, ಬ್ಯಾನರ್ ಇಲ್ಲದೆ, ತಂಡ ಇಲ್ಲದೆ, ನೀವೂ ಒಬ್ಬ ಗೆಳತಿಯೂ ನಿಮಗೆ ಅನ್ನ ಇಟ್ಟ ಮನೆಗೆ ಹೋಗಿ ಬನ್ನಿ. ಮೈಸೂರಿನಿಂದ ಪಾಂಡವಪುರಕ್ಕೆ ಬಸ್ಸೂ ಇದೆ, ರೈಲೂ ಇದೆ.