ದೇವರು ಪ್ರೀತಿಸುತ್ತಾನೆ ಅಂತ ಮಕ್ಕಳಿಗೆ ಹೇಳುತ್ತೇನೆ, ನನಗೇ ಹಾಗನ್ನಿಸುತ್ತಿಲ್ಲ

ಪ್ರಶ್ನೆ: ನನಗೆ 44 ವರ್ಷ. ಹೊಸನಗರ ತಾಲೂಕಿನವಳು, ಸ್ವಲ್ಪ ಅಡಿಕೆ ತೋಟ ಇದೆ. ನಾವು ಕ್ಯಾಥೋಲಿಕರು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್‌ನಲ್ಲಿ ಮಕ್ಕಳಿಗೆ ಕ್ಯಾಟಕಿಸಂ, ಅಂದರೆ ಧರ್ಮಪಾಠ ಹೇಳಿಕೊಡುತ್ತೇನೆ. ಅತ್ತೆಗೆ ಲಕ್ವ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಎಲ್ಲವನ್ನೂ ನಾನೇ ನೋಡಿಕೊಂಡೆ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅದೇ ಹೊತ್ತಿಗೆ ತೋಟಕ್ಕೆ ಎಲೆಚುಕ್ಕಿ ರೋಗ ಬಂತು. ಆಮೇಲಿಂದ ಪ್ರಾರ್ಥನೆ ಬರೀ ಬಾಯಲ್ಲಿ ಬರುತ್ತದೆ, ಒಳಗೆ ಏನೂ ಇಲ್ಲ. ದೇವರ ಮೇಲೆ ಸಿಟ್ಟಿದೆ. ಅದನ್ನು ಹೇಳಲಾಗದೆ ಫಾದರ್ ಹತ್ತಿರ ಪಾಪನಿವೇದನೆಗೂ ಹೋಗುತ್ತಿಲ್ಲ. ಮೊನ್ನೆ ಒಂದು ಮಗು, ‘ಟೀಚರ್, ದೇವರು ನಿಮ್ಮ ಹತ್ರ ಮಾತಾಡ್ತಾನಾ?’ ಅಂತ ಕೇಳಿತು. ‘ಹೂಂ’ ಅಂದುಬಿಟ್ಟೆ. ನಾದಿನಿ ಫೋನ್ ಮಾಡಿದಾಗಲೆಲ್ಲ, ‘ನಿಮ್ಮ ವಿಶ್ವಾಸ ಕಮ್ಮಿಯಾಗಿದೆ ಅತ್ತಿಗೆ, ನಿಮಗಾಗಿ ಪ್ರಾರ್ಥನೆ ಮಾಡ್ತೀನಿ’ ಅನ್ನುತ್ತಾಳೆ. ನಾನು ದೇವರಿಗೆ ಬೇಡವಾದೆನಾ? ಪಾಠ ಹೇಳುವುದನ್ನು ಬಿಟ್ಟುಬಿಡಲಾ? ನಾದಿನಿಗೆ ಏನು ಹೇಳಲಿ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಎರಡು ವರ್ಷದ ಶುಶ್ರೂಷೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಉಳಿದದ್ದೆಲ್ಲ ನಿಮ್ಮ ತಪ್ಪುಗಳ ಲೆಕ್ಕ. ರಾತ್ರಿ ಎಷ್ಟು ಸಲ ಎದ್ದಿರಿ, ಮಗ್ಗುಲು ಬದಲಿಸಿದ್ದು, ಬಟ್ಟೆ ಒಗೆದದ್ದು, ಮಲೆನಾಡಿನ ಮಳೆಯಲ್ಲಿ ಆ ಬಟ್ಟೆ ಒಣಗದೆ ಒಲೆಯ ಮೇಲೆ ಹರವಿದ್ದು, ಇದ್ಯಾವುದೂ ಪತ್ರದಲ್ಲಿಲ್ಲ. ಆದರೆ ಹಾಸಿಗೆ ಹಿಡಿದವರನ್ನು ನೋಡಿಕೊಂಡ ಮನೆಯಲ್ಲಿ ಇದೆಲ್ಲ ಇದ್ದೇ ಇರುತ್ತದೆ, ಅಲ್ವಾ?

ಹಾಗಾಗಿ ಮೊದಲು ದಣಿವಿನ ಮಾತು. ನೀವು ಮಕ್ಕಳಿಗೆ ಪ್ರವಾದಿ ಎಲೀಯನ ಕಥೆ ಹೇಳಿರುತ್ತೀರಿ. ಬಹುಶಃ ಆಕಾಶದಿಂದ ಬೆಂಕಿ ಇಳಿದ ಭಾಗ, ಮಕ್ಕಳಿಗೆ ಅದೇ ಇಷ್ಟ. ಅದರ ಮುಂದಿನ ಅಧ್ಯಾಯ, ಅಂದರೆ ಒಂದನೇ ಅರಸುಗಳ ಪುಸ್ತಕದ 19ನೆಯದು, ದೊಡ್ಡವರಿಗಾಗಿಯೇ ಇರುವಂಥದ್ದು. ಅಷ್ಟು ದೊಡ್ಡ ಗೆಲುವಿನ ಬೆನ್ನಿಗೇ ಎಲೀಯ ಜೀವಭಯದಿಂದ ಕಾಡಿಗೆ ಓಡಿ, ಒಂದು ಗಿಡದ ಕೆಳಗೆ ಕೂತು, ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅನ್ನುತ್ತಾನೆ. ಅನ್ನುತ್ತಲೇ ನಿದ್ದೆ ಹೋಗುತ್ತಾನೆ. ಆಗ ಬಂದ ದೂತ ಏನು ಹೇಳಿದ? ‘ವಿಶ್ವಾಸ ಕಮ್ಮಿಯಾಗಿದೆ’ ಅನ್ನಲಿಲ್ಲ. ಎದ್ದು ಊಟ ಮಾಡು ಅಂದ. ತಲೆಯ ಹತ್ತಿರ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ, ದಾರಿ ನಿನ್ನ ಶಕ್ತಿಗೆ ಮೀರಿದ್ದು, ತಿನ್ನು ಅಂದ. ‘ನೀನು ಇಲ್ಲೇನು ಮಾಡುತ್ತಿದ್ದೀಯ?’ ಅನ್ನುವ ಪ್ರಶ್ನೆ ಬರುವುದು ಆಮೇಲೆ. ಎರಡು ಊಟ, ಎರಡು ನಿದ್ದೆ, 40 ದಿನದ ನಡಿಗೆ, ಇಷ್ಟೆಲ್ಲ ಆದ ಮೇಲೆ.

ದೇವರು ಮೊದಲು ಅಡುಗೆ ಮಾಡಿ ಬಡಿಸುತ್ತಾನೆ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ನಿಮಗೆ ಯಾರಾದರೂ ಬಡಿಸಿ ಎಷ್ಟು ದಿನವಾಯಿತು?

ಇನ್ನು ‘ಬೇಡವಾದೆನಾ’ ಅನ್ನುವ ಮಾತಿಗೆ ಬರುತ್ತೇನೆ. ತಪ್ಪಿಹೋದ ಮಗನ ಕಥೆ ನಿಮಗೆ ಬಾಯಿಪಾಠ ಇರುತ್ತದೆ, ಲೂಕನ 15ನೇ ಅಧ್ಯಾಯ. ಆದರೆ ತನ್ನ ಪಾಲು ತೆಗೆದುಕೊಂಡು ಮನೆಬಿಟ್ಟು ಹೋಗಿ, ಎಲ್ಲ ಕಳೆದುಕೊಂಡು ಮರಳಿದ ಆ ಕಿರಿಮಗ ನೀವಲ್ಲ. ನೀವು ಎಲ್ಲಿಗೂ ಓಡಿಹೋಗಿಲ್ಲ. ನನಗೆ ನಿಮ್ಮ ಪತ್ರದಲ್ಲಿ ಕೇಳಿಸಿದ್ದು ಮನೆಯಲ್ಲೇ ಉಳಿದ ಹಿರಿಮಗನ ದನಿ. ಇಷ್ಟು ವರ್ಷ ನಿನಗೆ ಚಾಕರಿ ಮಾಡಿದೆ, ನನಗೇನು ಕೊಟ್ಟೆ ಅಂತ ಹೊಲದಿಂದ ಬಂದು ಅಂಗಳದಲ್ಲೇ ನಿಂತವನು ಅವನು. ಗಮನಿಸಿ, ಅಣ್ಣ ತಮ್ಮ ಇಬ್ಬರೂ ಕೂಲಿಯ ಭಾಷೆಯಲ್ಲೇ ಯೋಚಿಸುತ್ತಾರೆ. ತಮ್ಮ, ‘ನನ್ನನ್ನು ಆಳಾಗಿ ಇಟ್ಟುಕೋ’ ಎಂದು ಕೇಳಲು ಮಾತು ಜೋಡಿಸಿಕೊಂಡು ಬರುತ್ತಾನೆ. ಆ ಸಾಲಿಗೆ ಬರುವ ಮೊದಲೇ ತಂದೆ ಒಳ್ಳೆಯ ಬಟ್ಟೆ ತನ್ನಿ ಅಂತ ಆಳುಗಳನ್ನು ಕೂಗಿರುತ್ತಾನೆ. ಅಣ್ಣನನ್ನೂ ತಂದೆ ತಾನೇ ಹೊರಗೆ ಬಂದು ಕರೆಯುತ್ತಾನೆ. ಮಗನೇ, ನೀನು ಯಾವಾಗಲೂ ನನ್ನ ಜೊತೆಗೇ ಇದ್ದೀಯ, ನನ್ನದೆಲ್ಲ ನಿನ್ನದೇ ಅನ್ನುತ್ತಾನೆ. ಅಣ್ಣನ ಸಿಟ್ಟು ಇಳಿದ ಮೇಲೆ ಹೇಳಿದ ಮಾತಲ್ಲ ಅದು. ಅವನು ಆಮೇಲೆ ಒಳಗೆ ಹೋದನೋ ಇಲ್ಲವೋ, ಕಥೆ ಹೇಳುವುದೇ ಇಲ್ಲ. ಸಿಟ್ಟಿನಲ್ಲಿ ನಿಂತಿದ್ದಾಗಲೂ ಅವನು ಮಗನೇ.

ನೀವು ಇಷ್ಟು ದಿನ ನಿಮ್ಮ ಬೆಲೆಯನ್ನು ಸೇವೆಯಲ್ಲಿ ಅಳೆದಿರಿ. ಅತ್ತೆ ಹೋದ ಮೇಲೆ ಆ ಸೇವೆ ನಿಂತಿತು. ಈಗ ಭಾವನೆಯಲ್ಲಿ ಅಳೆಯುತ್ತಿದ್ದೀರಿ, ಅದೂ ಬತ್ತಿದೆ. ಎರಡರಿಂದಲೂ ಗೊತ್ತಾಗುವುದು ನಿಮ್ಮ ಮೈಮನಸ್ಸಿನ ಸ್ಥಿತಿ. ದೇವರಿಗೆ ನೀವು ಬೇಕೋ ಬೇಡವೋ ಅನ್ನುವುದನ್ನು ಅವು ಹೇಳಲಾರವು.

ಕೋಲ್ಕತ್ತದ ಮದರ್ ತೆರೇಸಾ ತೀರಿಕೊಂಡದ್ದು 1997ರಲ್ಲಿ. ತಮ್ಮ ಆತ್ಮಗುರುಗಳಿಗೆ ಅವರು ಬರೆದ ಪತ್ರಗಳು 2007ರಲ್ಲಿ ಹೊರಬಂದಾಗ ಜಗತ್ತೇ ಬೆರಗಾಯಿತು. ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿ ತಂದು ಆರೈಕೆ ಮಾಡುತ್ತಿದ್ದ ಆ ದಶಕಗಳ ಬಹುಪಾಲು ಅವರಿಗೆ ಒಳಗೆ ಕತ್ತಲೆಯೇ ಇತ್ತು. ಪತ್ರಗಳನ್ನು ನಾಶ ಮಾಡಿ ಎಂದೂ ಅವರು ಕೇಳಿಕೊಂಡಿದ್ದರು. ಇದೆಲ್ಲ ಗೊತ್ತಿದ್ದೇ 2016ರಲ್ಲಿ ನಿಮ್ಮ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ನಮ್ಮ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿಯೂ ಗಿಳಿ, ಕೋಗಿಲೆ, ನವಿಲುಗಳನ್ನೆಲ್ಲ ‘ನೀವು ಕಂಡಿರಾ’ ಅಂತ ಕೇಳುತ್ತ ಅಲೆದವಳೇ ಅಲ್ಲವೇ. ಕಾಣದೆ ಹುಡುಕಿದವರ ಸಾಲು ದೊಡ್ಡದಿದೆ.

ಸಿಟ್ಟಿನ ವಿಚಾರಕ್ಕೆ ಜಾಸ್ತಿ ಹೇಳುವುದಿಲ್ಲ. ಭಾವನೆ ತಾನಾಗಿ ಪಾಪವಲ್ಲ ಎಂಬುದು ನಿಮ್ಮ ಧರ್ಮಸಭೆಯದೇ ಬೋಧನೆ. 88ನೇ ಕೀರ್ತನೆ ತೆಗೆದು ಜೋರಾಗಿ ಓದಿ. ಗೋಳಿನ ಕೀರ್ತನೆಗಳಲ್ಲಿ ಬಹುಪಾಲು ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಬೈಬಲ್‌ನಿಂದ ಯಾರೂ ತೆಗೆದುಹಾಕಿಲ್ಲ. ಪಾಪನಿವೇದನೆಯಲ್ಲಿ ಫಾದರ್‌ಗೆ ಸುಮ್ನೆ ಒಂದೇ ಮಾತು ಹೇಳಿ: ‘ದೇವರ ಮೇಲೆ ಸಿಟ್ಟಿದೆ, ತುಂಬಾ ದಣಿದಿದ್ದೇನೆ.’ ಅವರಿಗೆ ಇದು ಹೊಸ ಮಾತಾಗಿರುವುದಿಲ್ಲ.

ಪಾಠದ ವಿಚಾರ. ಸುಳ್ಳು ಹೇಳುತ್ತಿದ್ದೇನೆ ಎಂಬ ಕಾರಣಕ್ಕೆ ಬಿಡಬೇಡಿ. ದೇವರು ಮಕ್ಕಳನ್ನು ಪ್ರೀತಿಸುತ್ತಾನೆ ಎಂಬ ಮಾತು ನಿಮ್ಮ ಆ ದಿನದ ಮನಸ್ಥಿತಿಯ ಮೇಲೆ ನಿಂತಿಲ್ಲ. ಆದರೆ ದಣಿದಿದ್ದೇನೆ ಅಂತ ಕೆಲವು ತಿಂಗಳು ರಜೆ ತೆಗೆದುಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಆ ಮಗುವಿಗೆ ಮಾತ್ರ ಇನ್ನೊಮ್ಮೆ ಉತ್ತರ ಕೊಡಿ. ‘ಕೆಲವು ಸಲ ನನಗೂ ಕೇಳಿಸಲ್ಲ ಪುಟ್ಟಾ, ಆದ್ರೂ ನಾನು ಮಾತಾಡ್ತೀನಿ’ ಅನ್ನಿ. ದೊಡ್ಡವನಾದ ಮೇಲೆ ಅವನಿಗೂ ಇಂಥ ದಿನ ಬರುತ್ತದೆ. ಆಗ ಈ ಮಾತು ಬೇಕಾಗುತ್ತದೆ.

ಒಂದು ವಿಷಯ ನೀವು ಬರೆದಿಲ್ಲ, ನಾನು ಕೇಳಲೇಬೇಕು. ನಿದ್ದೆ ಬರುತ್ತಿದೆಯಾ? ಊಟ ರುಚಿಸುತ್ತಿದೆಯಾ? ದೇವರ ವಿಷಯದಲ್ಲಿ ಮಾತ್ರವಲ್ಲದೆ ಎಲ್ಲದರಲ್ಲೂ ಮನಸ್ಸು ಕಲ್ಲಾಗಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಅಷ್ಟು ದೂರ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸುವ ಗಳಿಗೆ ಬಂದರೆ ಕಾಯಬೇಡಿ, ಆಗಲೇ ಫೋನ್ ಮಾಡಿ, ಮನೆಯವರಿಗೂ ಹೇಳಿ.

ನಾದಿನಿ ಜೊತೆ ವಿಶ್ವಾಸದ ಬಗ್ಗೆ ವಾದ ಬೇಡ. ಎರಡು ವರ್ಷ ಅವಳ ತಾಯಿಯನ್ನು ನೋಡಿಕೊಂಡವರು ನೀವು. ಈ ಸಲ ಪ್ರಾರ್ಥನೆ ಮಾಡ್ತೀನಿ ಅಂದರೆ, ‘ಮಾಡಮ್ಮ, ಒಳ್ಳೇದು. ಹಾಗೇ ಅಡಿಕೆ ಗೊನೆ ಕೊಯ್ಲು ಶುರುವಾದಾಗ ಬಂದು ನಾಲ್ಕು ದಿನ ಅಡುಗೆಮನೆ ನೋಡ್ಕೋ, ನಾನು ತವರಿಗೆ ಹೋಗಿ ಮಲಗಿ ಬರ್ತೀನಿ’ ಅನ್ನಿ.